ಮಾನಿಟರಿನ ಮೇಲಿನ ಮಸಿ

ಫೆಬ್ರವರಿ 10, ಸೋಮವಾರ

ಈ ಮಾನಿಟರಿನ ಮುಖ ನೋಡಲು ಮನಸ್ಸಾಗುವುದಿಲ್ಲ. ಅಕ್ಷರಗಳು ನೀರಿನ ತಳದಲ್ಲಿ ಬಿದ್ದಂತೆ ಅಲುಗುತ್ತವೆ. ಲಗ್ನಪತ್ರಿಕೆಗೆ ಅಂಚು ಎಳೆದರೆ ಗೆರೆ ನಡುವಿಗೆ ಬಂದಾಗ ಸೊಟ್ಟಗಾಗಿ, ಆಚೆ ಹೋದ ಮೇಲೆ ಮತ್ತೆ ನೆಟ್ಟಗಾಗುತ್ತದೆ. ಯಾರೋ ಭಜಿ ತಿಂದ ಕೈ ಒರೆಸಿಹೋದ ಹಾಗೆ ಪರದೆಯ ನಟ್ಟನಡುವೆ ಒಂದು ಮಸುಕು. ಸ್ಪಿರಿಟ್ ಹಚ್ಚಿ ಒರೆಸಿದೆ. ಹತ್ತಿಯೆಲ್ಲ ಕಪ್ಪಾಯಿತು, ಮಸುಕು ಹೋಗಲಿಲ್ಲ. ಇಷ್ಟು ಹೊಲಸನ್ನು ಎದುರಿಗಿಟ್ಟುಕೊಂಡು ಇಷ್ಟು ವರ್ಷ ಕೂತಿದ್ದೆನಲ್ಲ ಎಂದು ನನ್ನ ಮೇಲೆಯೇ ಹೇಸಿಗೆಯಾಯಿತು.

ಶಾಹಿದನನ್ನು ಕರೆಸಿದೆ. ಕಂಪ್ಯೂಟರ್ ರಿಪೇರಿಯವನು, ನನ್ನ ಅಂಗಡಿಯ ಯಂತ್ರಗಳನ್ನೆಲ್ಲ ನೋಡಿಕೊಳ್ಳುವವನು. ಕೇಬಲ್ ಬಿಚ್ಚಿ ಮತ್ತೆ ಹಾಕಿದ. ಗುಂಡಿ ಒತ್ತಿ ನೋಡಿದ. ಹಿಂದೆ ಸರಿದು ಕತ್ತು ಓರೆ ಮಾಡಿದ.

"ಅಕ್ಕೋರ, ನನಗ ಏನೂ ಕಾಣವಲ್ದ್ರಿ. ಗೆರಿ ನೆಟ್ಟಗ ಅದಾವ."

"ನಿನಗ ಕಾಣಲಿಲ್ಲಂದ್ರ ಇಲ್ಲೇ ಇಲ್ಲಂತೇನು?"

"ಹಳೇದಾಗ್ಯಾದ ಬಿಡ್ರಿ. ಹೊಸಾದ್ ತಗೋರಿ. ನಾ ತೋರಸ್ತೇನಿ."

ಎಲ್ಲರಿಗೂ ಮಾರುವುದೇ ಬೇಕು. ಆದರೆ ಕೊಳ್ಳಲೇಬೇಕು, ಲಗ್ನದ ದಿನಗಳು ಬಂದವು. ನಾನು ಅಫಜಲಪುರದಲ್ಲಿ ಅಂಗಡಿ ಇಟ್ಟಾಗ ಇಲ್ಲಿ ಕನ್ನಡ ಟೈಪಿಂಗ್ ಬಲ್ಲ ಹೆಂಗಸು ಇನ್ನೊಬ್ಬಳಿರಲಿಲ್ಲ. ವಿದ್ಯಾವತಿ ಮಾಡಿದ ಲಗ್ನಪತ್ರಿಕೆ ಎಂದರೆ ಒಂದು ಒತ್ತು ತಪ್ಪುವುದಿಲ್ಲ, ಒಂದು ದೀರ್ಘ ಬಿಟ್ಟುಹೋಗುವುದಿಲ್ಲ ಎಂದು ಊರೂರಲ್ಲಿ ಗೊತ್ತು. ಎದುರಿನವಳ ಹಾಗಲ್ಲ. ನನ್ನ ಹತ್ತಿರವೇ ಟೈಪಿಂಗ್ ಕಲಿತು ನನ್ನ ಅಂಗಡಿಯೆದುರೇ ಅಂಗಡಿ ತೆರೆದವಳು. 'ಆಶೀರ್ವಾದ'ದಲ್ಲಿ ಅರ್ಕಾವೊತ್ತು ಎಲ್ಲಿ ಬರುತ್ತದೆಂದು ತಿಳಿಯದು. ಪತ್ರಿಕೆಯ ತುಂಬ ಮಿನುಗು ಚೆಲ್ಲಿ ಕೊಡುತ್ತಾಳೆ, ಜನ ಹಲ್ಲುಕಿರಿದು ಒಯ್ಯುತ್ತಾರೆ. ಆ ಮಿನುಗು ಹಾರಿಬಂದು ನನ್ನ ಗಾಜಿಗೆ ಅಂಟುತ್ತದೆ.

ಫೆಬ್ರವರಿ 14, ಶುಕ್ರವಾರ

ಇವತ್ತು ಇವರಿಗೆ ರಜೆ ಇತ್ತು. ಬಾಯಲ್ಲಿ ಗಂಡನ ಹೆಸರು ಹೇಳುವುದಿಲ್ಲ, ಇಲ್ಲಿ ಬರೆದರೆ ಯಾರು ನೋಡುತ್ತಾರೆ. ಶ್ರೀಮಂತ ಎಂದು ಹೆಸರು, ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು. ಇಬ್ಬರೂ ಮಾನಿಟರ್ ನೋಡಲು ಕಲಬುರ್ಗಿಗೆ ಹೋದೆವು.

ದೊಡ್ಡ ಅಂಗಡಿ. ಗೋಡೆಯ ತುಂಬ ಮಾನಿಟರುಗಳು, ಎಲ್ಲದರಲ್ಲೂ ಅದೇ ಮೀನು ಈಜುತ್ತಿತ್ತು. ಅಷ್ಟೊಂದು ಮೀನನ್ನು ಒಟ್ಟಿಗೆ ನೋಡಿ ನನಗೆ ಬಾಯಲ್ಲಿ ನೀರೂರಿತು, ಹಸಿವಿನಿಂದಲ್ಲ, ವಾಕರಿಕೆಯಿಂದ. ಮಾರುವ ಹುಡುಗ ಕೂದಲಿಗೆ ಏನೋ ಅಂಟು ಹಚ್ಚಿಕೊಂಡಿದ್ದ. ಕೇಳುತ್ತಿದ್ದವಳು ನಾನು, ಉತ್ತರ ಕೊಡುತ್ತಿದ್ದುದು ಇವರಿಗೆ.

"ಕಾಕಾ, ಇದು ಬಾಗಿದ್ದು ನೋಡ್ರಿ, ಗೇಮಿಂಗ್. ಇದು ಐಪಿಎಸ್ ಪ್ಯಾನಲ್, ಬಣ್ಣ ಭಾರಿ ಬರ್ತದ. ಮನ್ಯಾಗ ಸೀರಿಯಲ್ ನೋಡಾಕ ಅಂದ್ರ ಇದು ಸಾಕ್ರಿ."

"ಸೀರಿಯಲ್ ನೋಡಾಕಲ್ಲಪಾ. ಅಕ್ಷರ ನೋಡಾಕ" ಎಂದೆ. ಪೆನ್ ಡ್ರೈವ್ ಕೊಟ್ಟೆ, ಒಂದು ಪತ್ರಿಕೆ ತೆರೆಸಿದೆ. ಅಲ್ಲಿಯೂ ಅಂಚಿನ ಗೆರೆ ಸೊಟ್ಟ. ಇನ್ನೊಂದರಲ್ಲಿ ಹಾಕಿಸಿದೆ. ಅದೂ ಸೊಟ್ಟ. ಹೊಚ್ಚ ಹೊಸ ಮಾಲು, ಪೆಟ್ಟಿಗೆಯಿಂದ ತೆಗೆದದ್ದು. ಹುಡುಗ ನಕ್ಕ. ಇವರೂ ಅವನ ಜೊತೆ ಸೇರಿ ನಕ್ಕರು, ಅದು ನನಗೆ ಹೆಚ್ಚು ಚುಚ್ಚಿತು.

ಬರುವಾಗ ಬಸ್ಸಿನಲ್ಲಿ ಇವರು, "ಮನ್ಯಾಗಿನ ಟೀವಿ ಹಚ್ಚಿಬಿಡಮು, ದೊಡ್ಡದ್ ಕಾಣ್ತದ" ಎಂದರು. ನಾನು ಹೊರಗೆ ತಿರುಗಿದೆ. ಕಿಟಕಿಯ ಸರಳು ಸೊಟ್ಟಗಿದ್ದವು. ಸರ್ಕಾರದ ಬಸ್ಸು.

ಫೆಬ್ರವರಿ 20, ಗುರುವಾರ

ಶಾಹಿದ ಒಂದು ಮಾನಿಟರ್ ತಂದಿಟ್ಟು, "ನಾಕ ದಿನ ಇಟ್ಕೊಂಡ್ ನೋಡ್ರಿ" ಎಂದ. ಸಂಜೆಯೊಳಗೆ ವಾಪಸ್ ಕಳಿಸಿದೆ. ಅದೇ ಮಸುಕು. ಅದರ ಜೊತೆ ಹೊಸ ಪ್ಲಾಸ್ಟಿಕ್ಕಿನ ನಾತ.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಉಪವಾಸ. ಹಾಗಾಗಿ ಸಕ್ಕರೆ ಕಾಯಿಲೆಯ ಗುಳಿಗೆಯನ್ನೂ ಬಿಟ್ಟೆ. ಈ ನಡುವೆ ಬಿಡುವುದೇ ಹೆಚ್ಚು. ನುಂಗಿದರೆ ಇಡೀ ದಿನ ಬಾಯಲ್ಲಿ ತುಕ್ಕು ನೆಕ್ಕಿದ ರುಚಿ.

ಈ ವರ್ಷದ ದಿನಚರಿ ಪುಸ್ತಕವೂ ದರಿದ್ರ. ಗೆರೆಗಳನ್ನು ಬಾಗಿಸಿ ಅಚ್ಚು ಹಾಕಿದ್ದಾರೆ. ಪುಟದ ನಡುವೆ ಬಂದಾಗ ಗೆರೆ ಹಾವಿನಂತೆ ಹರಿಯುತ್ತದೆ, ನನ್ನ ಅಕ್ಷರ ಅದರ ಮೇಲೆ ಕೂರುವುದಿಲ್ಲ. ಯಾವ ಪ್ರೆಸ್ಸಿನವನು ಮಾಡಿದನೋ.

ನಿನ್ನೆ ಊಟದಲ್ಲಿ ಇವರ ಹಲ್ಲಿಗೆ ಕಲ್ಲು ಸಿಕ್ಕಿತು. ತೊಗರಿಬೇಳೆ ನಾನೇ ಹಸನು ಮಾಡಿದ್ದೆ. ತೊಗರಿಯ ನಾಡಿನಲ್ಲೇ ಬೇಳೆಗೆ ಕಲ್ಲು ಬೆರೆಸುವ ವ್ಯಾಪಾರಿಗೆ ಏನನ್ನಬೇಕು. ಇವರು ಕಲ್ಲನ್ನು ತಟ್ಟೆಯ ಅಂಚಿಗಿಟ್ಟು ನನ್ನ ಮುಖ ನೋಡಿದರು. "ವಿದ್ಯಾ, ನಿನಗ ಕಾಣಲಿಲ್ಲೇನು?" ಎಂದರು.

"ಬೇಳಿ ಬಣ್ಣದ್ದೇ ಕಲ್ಲು ಹಾಕ್ತಾರ್ರಿ, ಕಳ್ಳರು" ಎಂದೆ.

ಮಾರ್ಚ್ 6, ಗುರುವಾರ

ಕೊಂಡೆ. ಇಪ್ಪತ್ನಾಲ್ಕು ಇಂಚು, ಐಪಿಎಸ್. ಹಳೆಯ ಸಿಪಿಯುಗೆ ಇದರ ತಂತಿ ಸೇರುವುದಿಲ್ಲವೆಂದು ನಡುವೆ ಒಂದು ಕನ್ವರ್ಟರ್ ಸಿಕ್ಕಿಸಿದ ಶಾಹಿದ. ಬೆಳಕು ಪೂರ್ತಿ ಹೆಚ್ಚಿಸಿ, ಅಕ್ಷರ ಹಿಗ್ಗಿಸಿ ಇಟ್ಟುಕೊಂಡಿದ್ದೇನೆ. ಮೊದಲಿಗಿಂತ ವಾಸಿ. ಮಸುಕು ಇದೆ, ಆದರೆ ಇಷ್ಟು ದೊಡ್ಡ ಪರದೆಯಲ್ಲಿ ಅಷ್ಟು ಮಸುಕು ಇದ್ದೀತು ಎಂದುಕೊಂಡೆ.

ಶಾಹಿದ ಹೋಗುವಾಗ ಬಾಗಿಲಲ್ಲಿ ನಿಂತು, "ಅಕ್ಕೋರ, ಬೇಜಾರ್ ಮಾಡ್ಕೋಬ್ಯಾಡ್ರಿ, ಚಸ್ಮಾ ನಂಬರ್ ಜರಾ ಚೆಕ್ ಮಾಡ್ಸಿರೇನ್ರಿ?" ಎಂದ.

ಮಾಲು ಕೆಟ್ಟರೆ ಗಿರಾಕಿಯ ಕಣ್ಣು ಕೆಟ್ಟಿದೆ ಎನ್ನುವುದು. ಕಲಿತುಬಿಟ್ಟಿದ್ದಾನೆ.

ಮಾರ್ಚ್ 13, ಗುರುವಾರ

ಅತನೂರಿನಿಂದ ಸಿದ್ದರಾಮೇಶ ಬಂದಿದ್ದರು. ಹೊಲಮನೆಯ ಜನ, ಮನೆಯ ಪತ್ರಿಕೆಗಳೆಲ್ಲ ನಮ್ಮಲ್ಲೇ. ಈಗ ಮಗಳು ಶಿವಕಾಂತಾಳ ಲಗ್ನ, ಬಸವ ಜಯಂತಿಯ ದಿನ. ಗಂಡು ಜೇವರ್ಗಿಯವರ ಸಂತೋಷಕುಮಾರ. ಶರಣರ ಮನೆತನ, ಪತ್ರಿಕೆಯ ಮೇಲೆ ಬಸವಣ್ಣ ಬೇಕು, ಮಿನುಗು ಬೇಡ ಎಂದರು. ಅವರ ಮೇಲೆ ನನಗೆ ಗೌರವ ಬಂತು.

ಟೈಪು ಮಾಡಿ, ಕರಡು ತೆಗೆದು ಓದಿಕೊಳ್ಳಲು ಕೊಟ್ಟೆ. ಅವರು ಮಡಚಿ ಕಿಸೆಯಲ್ಲಿ ಇಟ್ಟುಕೊಂಡರು.

"ಅಕ್ಕೋರು ನೋಡ್ಯಾರಂದ್ರ ಮುಗೀತ್ರಿ. ನಾವೇನ್ ಓದೂದದ? ಪ್ರೆಸ್ಸಿಗಿ ಕಳಸ್ರಿ."

ಹೊರಗೆ ಯಾರೋ ನನ್ನ ಶಟರಿನ ಮೇಲೆ ಗುಟ್ಕಾ ಉಗುಳಿ ಹೋಗಿದ್ದರು. ತೊಳೆಯುತ್ತ ಕೂತೆ. ಎಲ್ಲಿ ಕಲೆ ಮುಗಿಯಿತು, ಎಲ್ಲಿ ಬಾಗಿಲ ಬಣ್ಣ ಶುರುವಾಯಿತು, ಗೊತ್ತಾಗಲಿಲ್ಲ. ಎದುರಿನವಳು ದಾಟಿ ಬಂದು, "ಅಕ್ಕಾ, ಅಲ್ಲಿ ಹೋಗ್ಯಾದ್ರಿ, ಇಲ್ಲಿ ಉಳದದ" ಎಂದು ಬೆರಳು ತೋರಿಸಿದಳು. ಕೇಳಿದವರು ಯಾರು.

ಮಾರ್ಚ್ 27, ಗುರುವಾರ

ಇದನ್ನು ಬರೆಯಬಾರದೆಂದಿದ್ದೆ. ಬರೆಯುತ್ತೇನೆ.

ಬೆಳಿಗ್ಗೆ ಸಿದ್ದರಾಮೇಶ ಬಂದರು. ಕೂರಲಿಲ್ಲ. ಪತ್ರಿಕೆಗಳ ಕಟ್ಟುಗಳನ್ನು ಒಂದರ ಮೇಲೊಂದು ಮೇಜಿನ ಮೇಲೆ ಇಟ್ಟರು. ಒಂದು ಪತ್ರಿಕೆ ಹೊರಗೆ ತೆಗೆದು ನನ್ನ ಮುಂದೆ ಹಿಡಿದರು.

"ಹೆಣ್ಣಿನ ಹೆಸರ ಓದ್ರಿ."

ನೋಡಿದೆ. ಓದಿದೆ. "ಚಿ. ಸೌ. ಶಿವಕಾಂತಾ. ಯಾಕ್ರಿ, ಸರಿ ಅದಲ್ಲ?"

"ಮತ್ತೊಮ್ಮೆ ಓದ್ರಿ."

"ಶಿವಕಾಂತಾ ಅಂತೇ ಅದರಿ."

ಅವರ ಮುಖ ನನಗೆ ಸರಿಯಾಗಿ ಕಾಣಲಿಲ್ಲ, ದನಿ ಮಾತ್ರ ಕೇಳಿಸಿತು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಮಶ್ಕಿರಿ ಮಾಡಾಕತ್ತೀರೇನ್ರಿ? ನನ್ನ ಮಗಳಿಗಿ ಹೆಣ ಅಂತ ಬರದೀರಿ. ಮತ್ತ ಸರಿ ಅದ ಅಂತೀರಿ."

ಪತ್ರಿಕೆಯನ್ನು ಕೈಗೆ ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋದೆ. ಎಡಕ್ಕೆ ಓರೆ ಮಾಡಿದೆ. ಆಗ ಕಂಡಿತು. ಗುಡಿಸು ಇಲ್ಲ. 'ಶಿ' ಅಲ್ಲ, 'ಶ'. ಶವಕಾಂತಾ. ಕೆಂಪು ಅಕ್ಷರದಲ್ಲಿ, ಬಸವಣ್ಣನ ಚಿತ್ರದ ಕೆಳಗೆ, ಕಟ್ಟುಕಟ್ಟಿನಲ್ಲೂ.

ಮೊದಲ ಪತ್ರಿಕೆಯನ್ನು ಘತ್ತರಗಿಯ ಭಾಗ್ಯವಂತಿ ದೇವಿಯ ಮುಂದೆ ಇಟ್ಟು ಬಂದಿದ್ದಾರೆ. ಎರಡನೆಯದನ್ನು ಜೇವರ್ಗಿಗೆ, ಬೀಗರ ಮನೆಗೆ ಒಯ್ದಿದ್ದಾರೆ. ಅಲ್ಲಿ ಗಂಡಿನ ಅಜ್ಜಿ ಬಾಳಮ್ಮ ಮನೆಯ ಹಿರಿಯಳು. ಅವಳ ಮುಂದೆ ಯಾರೋ ಗಟ್ಟಿಯಾಗಿ ಓದಿದ್ದಾರೆ. ಶಿವ ಹೋದರೆ ಉಳಿಯುವುದು ಶವ, ಇದು ಮೇಲಿನವನು ಹೇಳಿಸಿದ ಮಾತು, ಈ ಹೆಣ್ಣು ನಮಗೆ ಬೇಡ ಎಂದು ಮುದುಕಿ ಎದ್ದುಹೋಗಿದ್ದಾಳಂತೆ. ಅವಳ ಮಾತು ದಾಟುವವರು ಆ ಮನೆಯಲ್ಲಿಲ್ಲ.

"ಮಗಳು ಉಣ್ಣವಲ್ಲಳು" ಎಂದರು ಸಿದ್ದರಾಮೇಶ. "ಅಂಗಡಿ ಹೆಸರ್ ನೋಡಿ ಕೊಟ್ಟಿದ್ದೆ ನಾ."

ಅವರು ಹೋದ ಮೇಲೆ ಶಾಹಿದನನ್ನು ಕರೆಸಿ, ಇವರೆದುರಿಗೆ, ಬೀದಿಗೆ ಕೇಳುವಂತೆ ಬೈದೆ. ಹೊಲಸು ಮಾಲು ತಂದು ತಲೆಗೆ ಕಟ್ಟಿದೆ ಎಂದೆ. ನಿನ್ನಿಂದ ಒಂದು ಲಗ್ನ ಮುರಿಯಿತು ಎಂದೆ. ಅವನು ಮಾನಿಟರ್ ಬಿಚ್ಚಿದ. "ನಾಳಿ ಅಂಗಡಿಗಿ ಬರ್ರಿ ಅಕ್ಕೋರ. ಇದ್ದಷ್ಟೂ ಹಚ್ಚಿಡ್ತೇನಿ. ಯಾವ್ದು ಚೊಲೊ ಅನಸ್ತದೋ ನೀವೇ ಆರಸ್ರಿ, ಒಯ್ರಿ" ಎಂದಷ್ಟೇ ಹೇಳಿದ.

ಮಾರ್ಚ್ 28, ಶುಕ್ರವಾರ

ಶಾಹಿದ ಮೂರು ಮಾನಿಟರ್ ಸಾಲಾಗಿ ಇಟ್ಟಿದ್ದ. ಮೂರರಲ್ಲೂ ಬಿಳಿ ಪುಟ, ಅದೇ ಪತ್ರಿಕೆ. ಸ್ಟೂಲಿನ ಮೇಲೆ ಕೂತು ಮೊದಲನೆಯದನ್ನು ನೋಡಿದೆ. ನಡುವೆ ಮಸಿ. ಎರಡನೆಯದನ್ನು ನೋಡಿದೆ. ಅಲ್ಲೂ ಮಸಿ, ಅಷ್ಟೇ ದೊಡ್ಡದು, ಅದೇ ಜಾಗದಲ್ಲಿ. ಮೂರನೆಯದನ್ನು ನೋಡುವಾಗ ಮೊದಲನೆಯದು ಕಣ್ಣಂಚಿನಲ್ಲಿ ಚೊಕ್ಕಟವಾಗಿ ಬೆಳ್ಳಗಿತ್ತು. ತಿರುಗಿ ಅದನ್ನೇ ನೋಡಿದೆ. ಮಸಿ ಓಡಿಬಂದು ಅದರ ಮೇಲೆ ಕೂತಿತು.

ಗೋಡೆ ನೋಡಿದೆ. ಗೋಡೆಯ ಮೇಲೆ. ಕ್ಯಾಲೆಂಡರಿನ ಮೇಲೆ. ಶಾಹಿದನ ಮುಖದ ಮೇಲೆ.

"ಯಾವ್ದು ಒಯ್ತೀರಿ ಅಕ್ಕೋರ?" ಎಂದ.

"ನಿನಗ ಬೈಬಾರ್ದಿತ್ತು" ಎಂದೆ. ಬೇರೆ ಏನು ಹೇಳಿದೆನೋ ನೆನಪಿಲ್ಲ. ಮನೆಗೆ ನಡೆದು ಬಂದೆ. ರಸ್ತೆ ಗೊತ್ತಿದ್ದರಿಂದ ಬಂದೆ.

ಮಾರ್ಚ್ 30, ಯುಗಾದಿ

ಬೇವು ಮಾತ್ರ ತಿಂದೆ.

ಏಪ್ರಿಲ್ 2, ಬುಧವಾರ

ಇವರು ರಜೆ ಹಾಕಿ ಕಲಬುರ್ಗಿಯ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದರು. ಕಣ್ಣಿಗೆ ಹನಿ ಹಾಕಿ ಬೆಂಚಿನ ಮೇಲೆ ಕೂರಿಸುತ್ತಾರೆ. ಎಲ್ಲರೂ ಕಣ್ಣು ಮುಚ್ಚಿ, ಕೆನ್ನೆಯ ಮೇಲೆ ನೀರು ಇಳಿಸುತ್ತ, ಸಾಲಾಗಿ. ಪಕ್ಕದವನು ಮೂಗು ಸೀನಿ ಬೆಂಚಿಗೆ ಒರೆಸಿದ. ಕಾಣದಿದ್ದರೂ ಗೊತ್ತಾಯಿತು.

ವೈದ್ಯೆ ಚಿಕ್ಕ ವಯಸ್ಸಿನವಳು. ಮಾತು ಮೆಲ್ಲಗೆ. "ಕಣ್ಣಿನ ಹಿಂದಿನ ಪರದೆ ಇರುತ್ತಲ್ಲ ಅಮ್ಮ, ಅದು ನೀರು ತುಂಬಿ ಬಾತಿದೆ. ಸಕ್ಕರೆ ಕಾಯಿಲೆಯಿಂದ. ಎರಡೂ ಕಣ್ಣಲ್ಲಿ. ಬಲಗಣ್ಣು ಕಷ್ಟ. ಎಡಗಣ್ಣಿಗೆ ತಿಂಗಳಿಗೊಂದು ಇಂಜೆಕ್ಷನ್ ಕೊಡ್ತಾ ಹೋಗೋಣ, ಉಳಿಸಿಕೊಳ್ಳಬಹುದು."

ಪರದೆ ಕೆಟ್ಟದ್ದು ಹೌದು. ಅಂಗಡಿ ತಪ್ಪಿ ಹುಡುಕಿದೆ.

ಕಣ್ಣಿನೊಳಗೇ ಸೂಜಿ ಚುಚ್ಚುತ್ತಾರೆ. ಮೊದಲನೆಯದನ್ನು ಇವತ್ತೇ ಚುಚ್ಚಿದರು. ಬರೆಯಲೂ ಅಸಹ್ಯ. ಇವರು ಹೊರಗೆ ನಿಂತಿದ್ದವರು ನನ್ನನ್ನು ಕಂಡ ಕೂಡಲೇ ಚೀಲ ಕಸಿದುಕೊಂಡರು, ಬಸ್ಸಿನಲ್ಲಿ ಕೈ ಹಿಡಿದು ಹತ್ತಿಸಿದರು. ಎಷ್ಟೋ ಹೆಂಗಸರನ್ನು ಹಾಗೆ ಹತ್ತಿಸಿದ ಕೈ. ಗುಳಿಗೆ ಬಿಟ್ಟಿದ್ದು ಗೊತ್ತಿದ್ದೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು.

ಏಪ್ರಿಲ್ 5, ಶನಿವಾರ

ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಒಂದು ಪುಟಕ್ಕೆ ಕೆಲವೇ ಸಾಲು ಹಿಡಿಸುತ್ತವೆ. ಹಿಡಿಸಲಿ.

ಇವತ್ತು ಜೇವರ್ಗಿಗೆ ಹೋಗಿದ್ದೆ. ನಿನ್ನೆ ಸಿದ್ದರಾಮೇಶರಿಗೆ ಫೋನು ಮಾಡಿ, ನನ್ನನ್ನು ಆ ಮುದುಕಿಯ ಮುಂದೆ ಒಯ್ದು ಕೂರಿಸಿ ಎಂದಿದ್ದೆ. ಇವರು ಬೇಡವೆಂದರು. "ಕಣ್ಣಿಲ್ಲ ಅಂತ ನೀನೇ ಹೇಳಿದ್ರ ನಾಳಿ ಅಂಗಡಿಗಿ ಯಾರ್ ಬರ್ತಾರ?" ಎಂದರು. ಅದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ನನ್ನ ಅಕ್ಷರ ದೇವರ ಮಾತಾಗಿ ಒಂದು ಹುಡುಗಿಯ ತಲೆಯ ಮೇಲೆ ಕೂತಿರುವುದನ್ನು ನೆನೆದರೆ ಉಂಡದ್ದು ಗಂಟಲಿಗೆ ಬರುತ್ತದೆ. ಅವರಿಗೆ ಹಾಗನ್ನಲಿಲ್ಲ. ಸೀರೆ ಬದಲಿಸಿ ಹೊರಟೆ.

ದೊಡ್ಡ ಪಡಸಾಲೆ. ಜನ ಇದ್ದರು, ದನಿಗಳಿಂದ ಗೊತ್ತಾಯಿತು. ಬಾಳಮ್ಮ ಎದುರು ಗೋಡೆಗೆ ಒರಗಿ ಕೂತಿದ್ದಳು. ನನಗೆ ನೀರು ಕೊಡಿಸಲಿಲ್ಲ.

"ಬರದಾಕಿ ನೀನೇನು?" ಎಂದಳು.

"ಹೌದ್ರಿ ಆಯಿ. ನಾನೇ."

"ಕೈ ನಿಂದು. ಬರಸ್ದವ ಮ್ಯಾಲಿನವ. ಅವ ಹೇಳ್ಯಾನಂದ ಮ್ಯಾಲ ನಾವು ಕೇಳಬೇಕಾಗ್ತದ."

"ಮ್ಯಾಲಿನವಂದೇನೂ ಇಲ್ರಿ ಇದ್ರಾಗ. ನನ್ನ ಕಣ್ಣಾಗ ನೀರ ತುಂಬ್ಯಾದ. ಗುಡಿಸು ಬಿಟ್ಟಿದ್ದು ನನಗ ಕಾಣಲಿಲ್ಲ. ಅಷ್ಟೇ ಆಗಿದ್ದು."

"ಎಲ್ಲಾರೂ ಹಿಂಗೇ ಹೇಳ್ತಾರ. ಲಗ್ನ ಉಳಸಾಕ ಸಿದ್ದರಾಮ ನಿನಗ ಹೇಳಿಕೊಟ್ಟು ಕರಕೊಂಡ್ ಬಂದಾನ."

ಸಿದ್ದರಾಮೇಶ ಏನೋ ಹೇಳಲು ಹೋದರು, ಅವಳು ಬಿಡಲಿಲ್ಲ. ಆಮೇಲೆ ಅವಳು ನೆಲದ ಮೇಲೆ ಕೈಯೂರಿ ಸರಿದು ನನ್ನ ಮುಂದೆ ಬಂದು ಕೂತಳು. ಎಲೆ ಅಡಿಕೆಯ ವಾಸನೆ ಬಂತು.

"ನನ್ನ ಮಾರಿ ನೋಡು. ನೋಡಿ ಏನ್ ಕಾಣ್ತದ ಹೇಳು."

ನೋಡಿದೆ. ಸುಳ್ಳು ಹೇಳಲು ಬರುತ್ತಿರಲಿಲ್ಲ, ಏಕೆಂದರೆ ಏನು ಹೇಳಿದರೆ ಸರಿಯೆಂದೇ ಗೊತ್ತಿರಲಿಲ್ಲ.

"ನಿಮ್ಮ ಕಿವಿ ಕಾಣ್ತಾವ್ರಿ. ಬುಗುಡಿ ಹಾಕೀರಿ. ಸೆರಗಿನ ಅಂಚು ಹಸರ ಅದ. ಮಾರಿ ಇಲ್ರಿ."

"ಇಲ್ಲಂದ್ರ?"

"ಮಾರಿ ಇರೂ ಕಡಿ ಮಸಿ ಅದರಿ. ಯಾರ್ನ ನೋಡಿದ್ರೂ ಹಂಗೇ. ನನ್ನ ಗಂಡನ್ನ ನೋಡಿದ್ರೂ ಹಂಗೇ."

ಕೊನೆಯ ಮಾತು ಹೇಳಬೇಕೆಂದಿರಲಿಲ್ಲ. ಇವರಿಗೆ ಕೂಡ ಅದನ್ನು ಹೇಳಿಲ್ಲ.

ಬಾಳಮ್ಮ ನನ್ನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದಳು. ಹೆಬ್ಬೆರಳು ಒರಟಾಗಿತ್ತು, ಸುಣ್ಣದ ನಾತ. ನನಗೆ ಮೈ ಮುಟ್ಟಿಸಿಕೊಳ್ಳುವುದು ಸೇರದು. ಸುಮ್ಮನಿದ್ದೆ.

"ಎಷ್ಟ್ ದಿನಾತು ಹಿಂಗ?"

"ಮಾನಿಟರ್ ಕೆಟ್ಟದಂತ ತಿಳಕೊಂಡಿದ್ದೆರಿ."

ಯಾರೋ ನಕ್ಕರು. ಬಾಳಮ್ಮ ಆ ಕಡೆ ತಿರುಗಿ, "ನಗೂದೇನದ ಅದ್ರಾಗ" ಎಂದಳು. ನಗು ನಿಂತಿತು. ಅವಳು ಒಳಗಿನವರಿಗೆ ಹೇಳಿ ನೀರು ತರಿಸಿದಳು, ಲೋಟ ಅವಳೇ ನನ್ನ ಕೈಗೆ ಹಿಡಿಸಿದಳು. "ಹೊಸಾ ಪತ್ರಿಕಾ ಮಾಡ್ಸಪಾ ಸಿದ್ದರಾಮ. ಈಕಿ ಕಣ್ಣಿನ ಸಲುವಾಗಿ ನನ್ನ ಮೊಮ್ಮಗನ ಲಗ್ನ ಯಾಕ ನಿಂದರಬೇಕು."

ಬರುವಾಗ ಸಿದ್ದರಾಮೇಶರ ಜೀಪಿನಲ್ಲಿ ಕೂತೆ. ಭೀಮೆಯ ಸೇತುವೆಯ ಮೇಲೆ ಗಾಳಿ ತಣ್ಣಗಿತ್ತು. ಅಲ್ಲೂ ಯಾರೋ ಪ್ಲಾಸ್ಟಿಕ್ ಚೀಲಗಳನ್ನು ಎಸೆದಿದ್ದರು, ಕಣ್ಣಂಚಿಗೆ ಎಲ್ಲ ಕಾಣುತ್ತದೆ.

ಏಪ್ರಿಲ್ 7, ಸೋಮವಾರ

ಊರಿಗೆಲ್ಲ ಗೊತ್ತಾಗಿದೆ. ನಾಮಕರಣದ ಪತ್ರಿಕೆಗೆ ಬಂದವರು ಬಾಗಿಲಲ್ಲೇ ನಿಂತು ಪಿಸುಗುಟ್ಟಿ ಹೋದರು. ಕುರುಡರಿಗೆ ಕಿವಿಯೂ ಇರುವುದಿಲ್ಲ ಎಂದುಕೊಂಡಿದ್ದಾರೆ.

ಮಧ್ಯಾಹ್ನ ಶಿವಕಾಂತಾ ಬಂದಳು. ಹುಡುಗಿಯನ್ನು ಮೊದಲ ಸಲ ನೋಡಿದ್ದು, ಅಥವಾ ನೋಡಲಿಲ್ಲ. ಬೈಯಲು ಬಂದಿದ್ದಾಳೆಂದು ಎದ್ದು ನಿಂತೆ.

"ಹೊಸಾ ಪತ್ರಿಕಾ ಯಾವಾಗ ಆಗ್ತಾವ್ರಿ ಆಂಟಿ?" ಎಂದಳು.

"ನನ್ ಕಡಿಂದ ಆಗಂಗಿಲ್ಲವ್ವಾ. ಎದರಿನ ಅಂಗಡಿಗಿ ಹೋಗು. ಆಕಿ ಮಾಡ್ತಾಳ" ಎಂದೆ. ಇಪ್ಪತ್ತು ವರ್ಷದ ಅಂಗಡಿಯಲ್ಲಿ ನಿಂತು ಗಿರಾಕಿಗೆ ಆ ಬಾಗಿಲು ತೋರಿಸಿದೆ. ನಾಲಿಗೆಯ ಮೇಲೆ ಹಲ್ಲಿ ಹರಿದ ಹಾಗಾಯಿತು.

ಹುಡುಗಿ ಹೋದಳು. ತುಸು ಹೊತ್ತಿಗೆ ಇಬ್ಬರ ಚಪ್ಪಲಿ ಸದ್ದು ಬಂತು. ಎದುರಿನವಳು, ಅನುರಾಧಾ, ನನ್ನ ಅಂಗಡಿಯೊಳಗೆ ಕಾಲಿಟ್ಟು ಎಷ್ಟು ವರ್ಷವಾಗಿತ್ತೋ. ತನ್ನ ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟಳು, ನನ್ನ ಕೀಬೋರ್ಡು ಅದಕ್ಕೆ ಸಿಕ್ಕಿಸಿದಳು.

"ಅಕ್ಕಾ, ಈ ಪತ್ರಿಕಾ ನಾ ಒಬ್ಬಾಕಿ ಮುಟ್ಟಂಗಿಲ್ರಿ. ಮತ್ತೊಂದು ತಪ್ಪಾದ್ರ ಆ ಮುದುಕಿ ನನ್ನ ಜೀವ ತಗೀತಾಳ. ನನಗ ಕಾಗುಣಿತ ಬರಂಗಿಲ್ಲ ಅಂತ ನೀವೇ ಊರ ತುಂಬ ಹೇಳೀರಿ. ನೀವು ಟೈಪ್ ಮಾಡ್ರಿ, ನಾ ಓದ್ತೇನಿ."

"ಕಾಣಂಗಿಲ್ಲ ನನಗ."

"ನೀವು ಎಂದಾದ್ರೂ ಕೀಬೋರ್ಡ್ ನೋಡಿ ಹೊಡದೀರೇನ್ರಿ? ನನಗ ಕಲಸುವಾಗ ಕೈ ಮ್ಯಾಲ ಟವೆಲ್ ಹಾಕ್ತಿದ್ರಿ."

ಹೊಡೆದೆ. ಬೆರಳಿಗೆ ಎಲ್ಲ ಗೊತ್ತಿತ್ತು. ಅನುರಾಧಾ ಒಂದೊಂದೇ ಅಕ್ಷರ ಬಿಡಿಸಿ ಓದಿದಳು: ಶ-ಕ್ಕೆ ಗುಡಿಸು ಶಿ, ವ, ಕ-ಕ್ಕೆ ಇಳಿ ಕಾ, ಸೊನ್ನೆ, ತಾ. ಒಂದನೇ ತರಗತಿಯ ಮಗುವಿನ ಹಾಗೆ, ಕೇಳಲು ಕಿರಿಕಿರಿ. ಕೊನೆಗೆ ಶಿವಕಾಂತಾ ತಾನೇ ಬಗ್ಗಿ ತನ್ನ ಹೆಸರು ಓದಿ, "ಈಗ ನಾ ಜೀವಂತ ಅದೇನಿ" ಎಂದಳು. ಅನುರಾಧಾ ನಕ್ಕುಬಿಟ್ಟಳು. ನಾನು ನಗಲಿಲ್ಲ, ಆದರೆ ಚಹಾ ತರಿಸಿದೆ.

ಏಪ್ರಿಲ್ 24, ಗುರುವಾರ

ಅನು ದಿನಾ ಬರುತ್ತಾಳೆ. ಅವಳ ಮಿನುಗಿನ ಪತ್ರಿಕೆಗಳಿಗೆ ನಾನು ಕಾಗುಣಿತ ಹೇಳುತ್ತೇನೆ, ನನ್ನ ಪತ್ರಿಕೆಗಳನ್ನು ಅವಳು ಓದುತ್ತಾಳೆ. ಬೆಲ್ಲ ತಿನ್ನುತ್ತ ಕೀಬೋರ್ಡು ಮುಟ್ಟುತ್ತಾಳೆ. ಒರೆಸಿ ಒರೆಸಿ ಸಾಕಾಗಿದೆ.

ಅವಳ ಲ್ಯಾಪ್‌ಟಾಪ್ ಸಣ್ಣದು, ಇಬ್ಬರೂ ಕೂರಲು ಆಗುವುದಿಲ್ಲ. ಮಾನಿಟರ್ ಬೇಕೇಬೇಕು. ಶಾಹಿದನ ಅಂಗಡಿಗೆ ಹೋದೆವು. ಅವನು ಆ ದಿನದ ಬೈಗುಳ ಮರೆತಿಲ್ಲ, ಆದರೂ ಸ್ಟೂಲು ಒರೆಸಿ ಕೊಟ್ಟ.

"ಈಗ ಯಾವ್ದು ತೋರಸ್ಲಿ ಅಕ್ಕೋರ?"

"ನನಗ್ಯಾಕ ಕೇಳ್ತಿ. ನೋಡಾಕಿ ಈಕಿ. ಈಕಿನೇ ಆರಸ್ತಾಳ."

ಅನು ಆರಿಸಿದಳು, ಆರಿಸಿದಳು, ಆರಿಸುತ್ತಲೇ ಇದ್ದಳು. ಒಂದರ ಕಪ್ಪು ಕಪ್ಪಲ್ಲ ಎಂದಳು. ಇನ್ನೊಂದರ ಕಾಲು ಅಲುಗುತ್ತದೆ, ಎತ್ತರ ಹೊಂದಿಸಲು ಬರುವುದಿಲ್ಲ. ಬಾಗಿದ್ದರಲ್ಲಿ ಅಂಚಿನ ಗೆರೆ ಸೊಟ್ಟ ಕಾಣುತ್ತದೆ ಎಂದಾಗ ಶಾಹಿದ ನನ್ನ ಕಡೆ ತಿರುಗಿದ್ದು ಗೊತ್ತಾಯಿತು. "ಅದು ಖರೇನ ಸೊಟ್ಟ ಅದ್ರಿ ಅಕ್ಕೋರ" ಎಂದ. ಕೊನೆಗೆ ಇಪ್ಪತ್ತೇಳು ಇಂಚಿನದು, ಬಿಳಿ ಚೌಕಟ್ಟು. ಬಿಳಿ ಚೌಕಟ್ಟು ಯಾರು ಕೊಳ್ಳುತ್ತಾರೆ. ಒಂದು ವಾರಕ್ಕೆ ಹಳದಿಯಾಗಿ ಹಳೆಯ ಹಲ್ಲಿನ ಹಾಗೆ ಕಾಣುತ್ತದೆ. ಹೇಳಲಿಲ್ಲ.

ಅಂಗಡಿಗೆ ತಂದು ಹಚ್ಚಿದ ಮೇಲೆ ಒಂದು 'ಅ' ಬರೆದು, ಪರದೆ ತುಂಬುವಷ್ಟು ಹಿಗ್ಗಿಸಿ, "ಕಾಣ್ತದೇನ್ರಿ ಅಕ್ಕಾ?" ಎಂದಳು. ಪರದೆಯ ಮೂಲೆ ಕಂಡಿತು. ಆಮೇಲೆ ಎಡಗಣ್ಣಿಗೆ ಅಕ್ಷರದ ಒಂದು ಬಾಗು ಕಂಡಿತು. ಅದನ್ನು ಅವಳಿಗೆ ಹೇಳುವಷ್ಟರಲ್ಲಿ ಗಿರಾಕಿ ಬಂದ.

ಏಪ್ರಿಲ್ 30, ಬುಧವಾರ, ಬಸವ ಜಯಂತಿ

ಅತನೂರಿಗೆ ಲಗ್ನಕ್ಕೆ ಹೋಗಿದ್ದೆ. ಹೋಗುವ ಮನಸ್ಸಿರಲಿಲ್ಲ. ಬಾಳಮ್ಮ ಜೇವರ್ಗಿಯಿಂದ ಬರುವ ಗಾಡಿಯನ್ನು ಸುತ್ತು ಹಾಕಿಸಿ ನಮ್ಮ ಮನೆಯ ಮುಂದೆ ನಿಲ್ಲಿಸಿದ್ದಳು. ಇವರು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಮೊದಲೇ ಹತ್ತಿ ಕೂತಿದ್ದರು.

ಮಂಟಪದಲ್ಲಿ ಸೆಖೆ, ಬೆವರು, ಸೆಂಟು, ಮೈಕಿನ ಕಿರಿಚಾಟ. ಯಾರದೋ ಮಗು ನನ್ನ ಸೀರೆಗೆ ಐಸ್‌ಕ್ರೀಮ್ ಒರೆಸಿತು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಮುಂದೆ ಕೂತರೇನು. ಬೆಳ್ಳಗಿನ, ಕೆಂಪಗಿನ ಗುಡ್ಡೆಗಳು ಅತ್ತಿತ್ತ ಸರಿದಾಡುತ್ತಿದ್ದವು, ಯಾರಿಗೂ ತಲೆ ಇರಲಿಲ್ಲ. ಇವರು ಕಿವಿಯಲ್ಲಿ ಹೇಳುತ್ತಿದ್ದರು: ಈಗ ತಾಳಿ ಕಟ್ಟಾಕತ್ತಾರ, ಈಗ ಅಕ್ಕಿಕಾಳು ಹಾಕು. ಹಾಕಿದೆ. ಎಲ್ಲಿ ಬಿತ್ತೋ.

ಎಲ್ಲ ಮುಗಿದು ಜನ ಊಟಕ್ಕೆ ನುಗ್ಗುವಾಗ ಮುಂದೆ ಬಳೆಯ ಸದ್ದಾಯಿತು. ಹೂವಿನ ವಾಸನೆ ಬಂತು. ಶಿವಕಾಂತಾ ವೇದಿಕೆ ಇಳಿದು ಬಂದಿದ್ದಳು. ಯಾರೋ ಹಿಂದಿನಿಂದ "ಏ ಮದಿಮಗಳ ಎಲ್ಲಿಗಿ ಹೊಂಟಳು" ಎಂದು ಕೂಗುತ್ತಿದ್ದರು.

"ಆಂಟಿ, ಯಾವ ಕಡಿ ನಿಂತ್ರ ನಾ ಕಾಣ್ತೇನಿ?" ಎಂದಳು.

ಯಾರೂ ಹಾಗೆ ಕೇಳಿರಲಿಲ್ಲ. ನಾನೇ ಯೋಚಿಸಿರಲಿಲ್ಲ.

"ಜರಾ ಎಡಕ್ಕ ಬಾ" ಎಂದೆ. ಬಂದಳು. "ಇನ್ನಷ್ಟು. ಹಾಂ, ಅಲ್ಲೇ ನಿಲ್ಲು."

ನಿಂತಳು. ನಾನು ಕಂಬದ ಕಡೆ ನೋಡಿದೆ. ಕಣ್ಣಂಚಿನಲ್ಲಿ ಅವಳು ಪೂರ್ತಿ ಬಂದಳು. ಬೆವರಿಗೆ ಕುಂಕುಮ ಇಳಿದು ಮೂಗಿನ ಮೇಲೆ ಹರಿದಿತ್ತು. ಬಾಸಿಂಗ ಓರೆಯಾಗಿತ್ತು. ಪೌಡರು ಕತ್ತಿನ ಹತ್ತಿರ ಗಟ್ಟಿಯಾಗಿ ನಿಂತಿತ್ತು, ಹಚ್ಚಿದವರಿಗೆ ಕೈ ಬುದ್ಧಿ ಇಲ್ಲ. ಕೆಳದುಟಿ ಕಚ್ಚಿಕೊಂಡು, ಫೋಟೋಕ್ಕೆ ನಿಂತ ಮಗುವಿನ ಹಾಗೆ ಅಲುಗಾಡದೆ ನಿಂತಿದ್ದಳು.

"ಕಂಡ್ನೇನ್ರಿ?"

"ಬಾಸಿಂಗ ಸೊಟ್ಟ ಅದ" ಎಂದು ಎದ್ದು, ಕೈಯಿಂದ ತಡವಿ, ನೆಟ್ಟಗೆ ಮಾಡಿದೆ.